ಪರ್ಲ್ ಜಾಮ್‌ನ ಚೆಲ್ಲಾಪಿಲ್ಲಿ ಹಾಡುಗಳನ್ನು ಒಟ್ಟು ಮಾಡೋದು ಹೇಗೆ?

ಕೇಳಿದವರು: ತಂಗಿ, ಶಿವಮೊಗ್ಗ

ಬರುವ ತಿಂಗಳು ನನ್ನ ಅಣ್ಣನಿಗೆ ಐವತ್ತು ತುಂಬುತ್ತದೆ. ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುವಾಗ ಅವನಿಗೆ ಪರ್ಲ್ ಜಾಮ್ ಅನ್ನೋ ಅಮೆರಿಕದ ರಾಕ್ ಬ್ಯಾಂಡಿನ ಹುಚ್ಚು. ಅವರ ಮೊದಲ ಆಲ್ಬಂ 'ಟೆನ್' ಕ್ಯಾಸೆಟ್ಟಿನ ರೀಲು ಹೊರಗೆ ಬಂದಾಗೆಲ್ಲ ಪೆನ್ಸಿಲ್ ತೂರಿಸಿ ಸುತ್ತುತ್ತಿದ್ದುದು ನನಗೇ ನೆನಪಿದೆ. ಬ್ಯಾಂಡಿನ ಆಲ್ಬಂಗಳೆಲ್ಲ ಈಗ ಅವನ ಹತ್ತಿರ ಇವೆ. ಇಲ್ಲದಿರುವುದು ಸಿನಿಮಾಗಳಿಗೆ ಕೊಟ್ಟ ಹಾಡುಗಳು, ಬೇರೆಯವರ ಜೊತೆ ಸೇರಿ ಬಂದ ಸಂಕಲನಗಳ ಹಾಡುಗಳು. ಅವನ್ನೆಲ್ಲ ಹುಡುಕಿ, ಅವನ ಕಾರಿಗೆ ಒಂದು ಪೆನ್‌ಡ್ರೈವ್ ಮಾಡಿಕೊಡೋಣ ಅಂತ ಆಸೆ. ಮೊಬೈಲ್ ಆಪ್‌ನಲ್ಲಿ ಬ್ಯಾಂಡಿನ ಹೆಸರು ಹಾಕಿದರೆ ಅರ್ಧ ಸಿಗೋದೇ ಇಲ್ಲ. ಯಾವ ಸಿಡಿ ತಗೊಳ್ಳಲಿ? ಯಾವುದು ದಂಡ? ಕೈಯಲ್ಲಿ ಐದು ಸಾವಿರ ಇದೆ. ನನಗೆ ರಾಕ್ ಒಂಚೂರೂ ಗೊತ್ತಿಲ್ಲ, ನಾನು ಸಿ. ಅಶ್ವತ್ಥ್ ಪಾರ್ಟಿ.

ಹಳೇ ಟೇಪು, ಬಸವನಗುಡಿ

ಮೇಡಂ, ನಮ್ಮಲ್ಲಿ ಹಾಡು ಅಂದರೆ ಸಿನಿಮಾದ್ದು. ರೇಡಿಯೋದಲ್ಲೂ ಮೊದಲು ಚಿತ್ರದ ಹೆಸರು, ಆಮೇಲೆ ಹಾಡಿದವರು. ರಾಕ್‌ನಲ್ಲಿ ಉಲ್ಟಾ. ಹಾಡಿಗೆ ಆಲ್ಬಮ್ಮೇ ಮನೆ. ಸಿನಿಮಾಕ್ಕೆ ಅಂತ ಕೊಟ್ಟ ಹಾಡು ಹಾಸ್ಟೆಲ್ ಸೇರಿದ ಹುಡುಗನ ಹಾಗೆ, ಮನೆಯಲ್ಲಿ ಹುಡುಕಿದರೆ ಸಿಗೋದಿಲ್ಲ. ಆಪ್‌ಗಳು ಅಂಥದ್ದನ್ನು 'ವೇರಿಯಸ್ ಆರ್ಟಿಸ್ಟ್ಸ್' ಅನ್ನೋ ಖಾತೆಗೆ ಹಾಕಿಬಿಡುತ್ತವೆ. ಬ್ಯಾಂಡಿನ ಹೆಸರಿನಲ್ಲಿ ಹುಡುಕಬೇಡಿ, ಸಿನಿಮಾ ಹೆಸರಿನಲ್ಲಿ ಹುಡುಕಿ. ಅರ್ಧ ಕೆಲಸ ಅಲ್ಲೇ ಮುಗೀತು.

ಇನ್ನು ಸಿಡಿ. ಒಂದೊಂದು ಸಿನಿಮಾದ್ದನ್ನೂ ಕೊಳ್ಳಲು ಹೊರಟರೆ ನಿಮ್ಮ ಐದು ಸಾವಿರ ಮೂರೇ ದಿನಕ್ಕೆ ಖಾಲಿ. ಮೊದಲು ಎರಡು ತಗೊಳ್ಳಿ. 2003ರಲ್ಲಿ ಬಂದ 'ಲಾಸ್ಟ್ ಡಾಗ್ಸ್', 2004ರ 'ರಿಯರ್‌ವ್ಯೂಮಿರರ್'. ಎರಡೂ ಜೋಡಿ ಸಿಡಿಗಳು.

'ಲಾಸ್ಟ್ ಡಾಗ್ಸ್' ಅಂದರೆ ಬ್ಯಾಂಡಿನವರೇ ಬೀದಿಗೆ ಬಿದ್ದ ಹಾಡುಗಳನ್ನು ಕರೆತಂದು ಕೂಡಿಹಾಕಿದ್ದು. 30 ಹಾಡು. ಸಾಗರ ರಕ್ಷಣೆಯ ಸಂಕಲನಕ್ಕೆ ಕೊಟ್ಟ 'ಗ್ರೆಮ್ಮಿ ಔಟ್ ಆಫ್ ಕಂಟ್ರೋಲ್' ಮತ್ತು 'ವೇಲ್ ಸಾಂಗ್', 'ಹೋಂ ಅಲೈವ್' ಸಂಕಲನದ 'ಲೀವಿಂಗ್ ಹಿಯರ್', 'ಶಿಕಾಗೋ ಕ್ಯಾಬ್' ಸಿನಿಮಾದ ಸೌಂಡ್‌ಟ್ರ್ಯಾಕ್‌ನಲ್ಲಿ ಬಂದಿದ್ದ 'ಹಾರ್ಡ್ ಟು ಇಮ್ಯಾಜಿನ್', ಎಲ್ಲ ಒಂದೇ ಕಡೆ. 'ಲಾಸ್ಟ್ ಕಿಸ್' ಕೂಡ ಇದೆ. ಅದರ ಕಥೆ ಮಜವಾಗಿದೆ. 1960ರ ದಶಕದ ಹಳೇ ಹಾಡು. ಇವರು ಅಭಿಮಾನಿ ಸಂಘದವರಿಗೆ ಕ್ರಿಸ್‌ಮಸ್ ಉಡುಗೊರೆ ಅಂತ 1998ರಲ್ಲಿ ಸುಮ್ನೆ ಒಂದು ರೆಕಾರ್ಡ್ ಮಾಡಿದರು. ರೇಡಿಯೋದವರು ಹಿಡಿದುಕೊಂಡರು. ಮರುವರ್ಷ ಕೊಸೊವೊ ನಿರಾಶ್ರಿತರ ನೆರವಿನ 'ನೋ ಬೌಂಡರೀಸ್' ಸಂಕಲನಕ್ಕೆ ಕೊಟ್ಟರು, ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೆ ಏರಿತು. ಕಷ್ಟಪಟ್ಟು ಮಾಡಿದ ಯಾವ ಹಾಡೂ ಅಷ್ಟು ಮೇಲೆ ಹೋಗಲಿಲ್ಲ ನೋಡಿ.

ಒಂದು ಎಚ್ಚರಿಕೆ. ಎರಡನೇ ಸಿಡಿಯ ಕೊನೆಯ ಹಾಡು 'ಬೀ ಗರ್ಲ್'. ಅದು ಮುಗಿದ ಮೇಲೆ ಸುಮಾರು ಹೊತ್ತು ಸದ್ದಿಲ್ಲ. ಕಂಪ್ಯೂಟರ್ ಕೆಟ್ಟಿತು ಅಂತ ನಿಲ್ಲಿಸಬೇಡಿ. ಮೌನದ ಆಚೆ ಇನ್ನೊಂದು ಹಾಡು ಬಚ್ಚಿಟ್ಟುಕೊಂಡಿದೆ, ಇನ್ನೊಂದು ಬ್ಯಾಂಡ್ ಆದ ಆಲಿಸ್ ಇನ್ ಚೈನ್ಸ್‌ನ ಗಾಯಕ ಲೇನ್ ಸ್ಟೇಲಿ ತೀರಿಕೊಂಡಾಗ ಪರ್ಲ್ ಜಾಮ್ ಗಾಯಕ ಎಡ್ಡಿ ವೆಡ್ಡರ್ ಬರೆದದ್ದು. ಸಿಡಿಯಿಂದ ಇಳಿಸಿದಾಗ ಎರಡೂ ಸೇರಿ ಒಂದೇ ಉದ್ದನೆಯ ಫೈಲ್ ಆಗುತ್ತದೆ. ಆಡಾಸಿಟಿ ಅನ್ನೋ ಸಾಫ್ಟ್‌ವೇರ್‌ನಲ್ಲಿ ತೆರೆದು ನಡುವಿನ ಮೌನ ಕತ್ತರಿಸಿ, ಎರಡು ಫೈಲ್ ಮಾಡಿಕೊಳ್ಳಿ.

'ರಿಯರ್‌ವ್ಯೂಮಿರರ್' ಜನಪ್ರಿಯ ಹಾಡುಗಳ ಸಂಕಲನ. ನಿಮ್ಮ ಅಣ್ಣನ ಹತ್ತಿರ ಅದರ ಮುಕ್ಕಾಲು ಪಾಲು ಈಗಾಗಲೇ ಇರುತ್ತದೆ. ಆದರೂ ಯಾಕೆ ಅಂದರೆ, 'ಸಿಂಗಲ್ಸ್' ಸಿನಿಮಾದ 'ಸ್ಟೇಟ್ ಆಫ್ ಲವ್ ಅಂಡ್ ಟ್ರಸ್ಟ್' ಮತ್ತು 'ಬ್ರೆತ್', 'ಬಿಗ್ ಫಿಶ್' ಸಿನಿಮಾದ 'ಮ್ಯಾನ್ ಆಫ್ ದಿ ಅವರ್', ಮೂರೂ ಇಲ್ಲಿವೆ. 'ಲಾಸ್ಟ್ ಡಾಗ್ಸ್'ನಲ್ಲಿ ಈ ಮೂರೂ ಇಲ್ಲ. ಹಾಗಾಗಿ ಒಂದನ್ನು ಬಿಟ್ಟು ಒಂದು ತಗೊಂಡರೆ ಉಪಯೋಗವಿಲ್ಲ.

ಗೊಣಗಾಟ, ಮೈಸೂರು

ಬಸವನಗುಡಿಯವರು ಹೇಳಿದ್ದೆಲ್ಲ ಸರಿ. ಆದರೆ 'ಸಿಂಗಲ್ಸ್' ಸೌಂಡ್‌ಟ್ರ್ಯಾಕನ್ನು ಬರೀ ಎರಡು ಹಾಡಿನ ಲೆಕ್ಕದಲ್ಲಿ ಮುಗಿಸಿದ್ದು ಅನ್ಯಾಯ. ಆ ಒಂದು ಸಿಡಿ ಇಡೀ ಕೊಳ್ಳಬೇಕಾದ್ದು. ಕ್ಯಾಮರಾನ್ ಕ್ರೋ ಸಿನಿಮಾ 1992ರ ಸೆಪ್ಟೆಂಬರ್‌ನಲ್ಲಿ ತೆರೆಗೆ ಬಂತು, ಹಾಡುಗಳು ಜೂನ್ ಕೊನೆಗೇ ಬಂದಿದ್ದವು. ಸಿನಿಮಾ ನೋಡದವರೂ ಸಿಡಿ ಕೊಂಡರು. ನಾನೂ ಅದೇ ಗುಂಪು, ಸಿನಿಮಾ ನೋಡಿದ್ದು ಹತ್ತು ವರ್ಷ ಆದಮೇಲೆ, ಅಷ್ಟೇನೂ ಹಿಡಿಸಲಿಲ್ಲ.

ಆ ಸಿಡಿಯೊಳಗೆ ಒಂದು ಸಂಸಾರವೇ ಇದೆ. ಪರ್ಲ್ ಜಾಮ್‌ಗೆ ಮೊದಲು ಸ್ಟೋನ್ ಗೋಸರ್ಡ್, ಜೆಫ್ ಅಮೆಂಟ್ ಇದ್ದದ್ದು ಮದರ್ ಲವ್ ಬೋನ್ ಅನ್ನೋ ಬ್ಯಾಂಡ್‌ನಲ್ಲಿ. ಅದರ ಗಾಯಕ ಆಂಡ್ರ್ಯೂ ವುಡ್ 1990ರಲ್ಲಿ ತೀರಿಕೊಂಡ. ಆ ಬ್ಯಾಂಡಿನ 'ಕ್ಲೋಯಿ ಡ್ಯಾನ್ಸರ್' ಇಲ್ಲಿದೆ. ಅದೇ ವುಡ್‌ನನ್ನು ನೆನೆದು ಆಲಿಸ್ ಇನ್ ಚೈನ್ಸ್‌ನ ಜೆರ‍್ರಿ ಕ್ಯಾಂಟ್ರೆಲ್ ಬರೆದ 'ವುಡ್?' (Would?) ಹಾಡು ಕೂಡ ಇಲ್ಲೇ. ಅದನ್ನು ಹಾಡಿದ ಲೇನ್ ಸ್ಟೇಲಿ ಹೋದಾಗ ವೆಡ್ಡರ್ ಬರೆದ ಹಾಡೇ ಮೇಲೆ ಹೇಳಿದ ಆ ಬಚ್ಚಿಟ್ಟ ಹಾಡು. ಇದನ್ನೆಲ್ಲ ಬೇರೆ ಬೇರೆ ಕತ್ತರಿಸಿ ಪೆನ್‌ಡ್ರೈವ್‌ಗೆ ತುಂಬಿದರೆ ಸಂಬಂಧ ಎಲ್ಲಿ ಕಾಣುತ್ತೆ? ಅಣ್ಣನಿಗೆ ಸಿಡಿಯನ್ನೂ ಕೊಡಿ, ಸುಮ್ನೆ ಒಂದು ಮಧ್ಯಾಹ್ನ ಕೂತು ಕೇಳಲಿ.

ಇನ್ನೊಂದು. 'ಟೆನ್' 2009ರಲ್ಲಿ ಮತ್ತೆ ಬಂತಲ್ಲ, ಅದರಲ್ಲೂ 'ಸ್ಟೇಟ್ ಆಫ್ ಲವ್ ಅಂಡ್ ಟ್ರಸ್ಟ್' ಇದೆ. ಆದರೆ ಅದು ಸಿನಿಮಾದ್ದಲ್ಲ, ಅದಕ್ಕಿಂತ ಮೊದಲಿನ ಕಚ್ಚಾ ಪ್ರತಿ. 'ಬ್ರೆತ್' ಕೂಡ ಅಲ್ಲಿ ಬೇರೆ ಹೆಸರಿನಲ್ಲಿ, ಬೇರೆ ರೂಪದಲ್ಲಿದೆ. 1992ರ ಎಂಟಿವಿ ಅನ್‌ಪ್ಲಗ್ಡ್‌ನಲ್ಲಿ ಇನ್ನೊಂದು 'ಸ್ಟೇಟ್ ಆಫ್ ಲವ್'. ನಾನು ಒಮ್ಮೆ ಗೆಳೆಯನಿಗೆ ಕಚ್ಚಾ ಪ್ರತಿಯನ್ನೇ ಸಿನಿಮಾದ ಹಾಡು ಅಂತ ಹಾಕಿಕೊಟ್ಟು ಮರ್ಯಾದೆ ಕಳೆದುಕೊಂಡಿದ್ದೇನೆ. ಹೆಸರು ನೋಡಿ ನಂಬಬೇಡಿ, ಕೇಳಿ ನೋಡಿ.

ಮಳೆಯೂರು ಕನ್ನಡತಿ, ಸಿಯಾಟಲ್ ಪಕ್ಕ

'ಸಿಂಗಲ್ಸ್' ಹೆಸರು ಕೇಳಿ ಬಂದೆ. ಸಿನಿಮಾದ ಮುಖ್ಯ ಪಾತ್ರಗಳಲ್ಲಿ ಹಲವರು ಇರುವ ಆ ಕಟ್ಟಡ ಇಲ್ಲಿ ಕ್ಯಾಪಿಟಲ್ ಹಿಲ್‌ನಲ್ಲಿದೆ, ಕೊರಿಯೆಲ್ ಕೋರ್ಟ್ ಅಂತ. ಹೋಗಿ ನೋಡಿದರೆ ನಮ್ಮ ವಠಾರವೇ. ನಡುವೆ ಅಂಗಳ, ಸುತ್ತ ಮನೆಗಳು. ನಮ್ಮತ್ತೆ ಊರಿಂದ ಬಂದಾಗ ಕರೆದುಕೊಂಡು ಹೋಗಿದ್ದೆ. "ಇದನ್ನ ನೋಡೋಕೆ ಇಷ್ಟು ದೂರ ಬಂದ್ವಾ? ಮಲ್ಲೇಶ್ವರದಲ್ಲೇ ಇತ್ತಲ್ಲೇ" ಅಂದರು. ಜನ ವಾಸ ಇರುವ ಜಾಗ, ಆಚೆಯಿಂದಲೇ ನೋಡಿ ಬರಬೇಕು.

ಸಿನಿಮಾದಲ್ಲಿ ನಟ ಮ್ಯಾಟ್ ಡಿಲನ್‌ದು ಒಂದು ಬಡಪಾಯಿ ಬ್ಯಾಂಡ್, ಸಿಟಿಜನ್ ಡಿಕ್ ಅಂತ. ಹಿಂದೆ ನಿಂತಿರೋ ಮೂವರು ಯಾರು ಗೊತ್ತಾ? ವೆಡ್ಡರ್, ಗೋಸರ್ಡ್, ಅಮೆಂಟ್. ಆ ಬ್ಯಾಂಡಿನ ಹಾಸ್ಯದ ಹಾಡು ಮೊದಲಿನ ಸಿಡಿಯಲ್ಲಿ ಇಲ್ಲ. 2017ರಲ್ಲಿ ಜೋಡಿ ಸಿಡಿಯಾಗಿ ಮತ್ತೆ ಬಂತು, ಅದರಲ್ಲಿದೆ. ಹಾಗಾಗಿ ಕೊಳ್ಳುವುದಿದ್ದರೆ 2017ರದ್ದನ್ನೇ ಕೇಳಿ. ನನಗೆ ಸಿಕ್ಕಿದ್ದು ವೆಸ್ಟ್ ಸಿಯಾಟಲ್‌ನ ಈಸಿ ಸ್ಟ್ರೀಟ್ ಅಂಗಡಿಯಲ್ಲಿ. ಪರ್ಲ್ ಜಾಮ್ 2005ರಲ್ಲಿ ಆ ಅಂಗಡಿಯೊಳಗೇ ನಿಂತು ನುಡಿಸಿತ್ತು, ಅದೂ ಒಂದು ಪುಟ್ಟ ಸಿಡಿಯಾಗಿ ಬಂದಿದೆ.

ಗುಮಾಸ್ತ, ಹುಬ್ಬಳ್ಳಿ

ಅಕ್ಕಾರ, ಸಿಡಿ ಆನ್‌ಲೈನ್‌ನಾಗ ತರಸೋದಾದ್ರ ಹುಷಾರ್ ರೀ. ನನ್ನ ಅನುಭವ ಹೇಳುತ್ತೇನೆ.

ಒಬ್ಬ ಮಾರಾಟಗಾರನ ಹತ್ತಿರ ಹಳೇ ಸೌಂಡ್‌ಟ್ರ್ಯಾಕ್ ತರಿಸಿದ್ದೆ. ಕವರ್ ಚೆಂದ, ಪ್ಲಾಸ್ಟಿಕ್ ಸುತ್ತಿತ್ತು. ಒಳಗಿನ ಸಿಡಿ ತಿರುಗಿಸಿ ನೋಡಿದರೆ ತಳ ಹಸಿರು ಮಿಶ್ರಿತ ನೀಲಿ! ಕಂಪನಿ ಸಿಡಿಯ ತಳ ಬೆಳ್ಳಿ ಬಣ್ಣ ಇರುತ್ತದೆ. ನೀಲಿ, ಹಸಿರು ಛಾಯೆ ಇದ್ದರೆ ಮನೆಯಲ್ಲಿ ಬರ್ನ್ ಮಾಡಿದ್ದು. ನಡುವಿನ ತೂತಿನ ಸುತ್ತ ಒಂದು ಉಂಗುರದ ಜಾಗ ಇರುತ್ತದಲ್ಲ, ಅಲ್ಲಿ ಸಣ್ಣಗೆ ಕೆತ್ತಿದ ಅಕ್ಷರ, ನಂಬರ್ ಇರಬೇಕು. ನನ್ನದರಲ್ಲಿ ಏನೂ ಇರಲಿಲ್ಲ. ವಾಪಸ್ ಕೊಡಲು ಒಂದೂವರೆ ತಿಂಗಳು ಜಗಳ. ಆಮೇಲಿಂದ ಕೊಳ್ಳುವ ಮುಂಚೆ ಸಿಡಿಯ ತಳದ ಫೋಟೋ ಕೇಳುತ್ತೇನೆ, ಡಿಸ್ಕಾಗ್ಸ್ ಅನ್ನೋ ವೆಬ್‌ಸೈಟ್‌ನಲ್ಲಿ ಆ ನಂಬರ್ ತಾಳೆ ನೋಡುತ್ತೇನೆ. ಕೊಡಲ್ಲ ಅಂದರೆ ಕೈ ಬಿಡುತ್ತೇನೆ. ಹೊರದೇಶದಿಂದ ತರಿಸಿದರೆ ಅಂಚೆ, ಕಸ್ಟಮ್ಸ್ ಸೇರಿ ಸಿಡಿಗಿಂತ ಅದೇ ಜಾಸ್ತಿ ಆದೀತು, ಲೆಕ್ಕ ಹಾಕಿಕೊಳ್ಳಿ.

ಪೆನ್‌ಡ್ರೈವ್ ಬಗ್ಗೆ. ಸೌಂಡ್‌ಟ್ರ್ಯಾಕ್ ಇಳಿಸಿದಾಗ ಹಾಡುಗಳು ಹನ್ನೆರಡು ಬ್ಯಾಂಡ್ ಹೆಸರಿನಲ್ಲಿ ಹನ್ನೆರಡು ಕಡೆ ಚದುರುತ್ತವೆ. 'ಆಲ್ಬಂ ಆರ್ಟಿಸ್ಟ್' ಅಂತ ಒಂದು ಖಾನೆ ಇರುತ್ತದೆ, ಅಲ್ಲಿ ಎಲ್ಲದಕ್ಕೂ ಒಂದೇ ಹೆಸರು ಹಾಕಿ. ಇನ್ನು ಸದ್ದು. 1992ರ ಸಿಡಿ ಮೆಲ್ಲಗೆ, 2004ರದ್ದು ಜೋರು. ಕಾರಿನಲ್ಲಿ ಒಂದಾದ ಮೇಲೊಂದು ಬಂದರೆ ಅಣ್ಣಾವರು ಗಾಬರಿಯಾಗಿ ಬ್ರೇಕ್ ಹೊಡೆದಾರು. ಎಂಪಿ3 ಮಾಡಿ, ಎಂಪಿ3ಗೇನ್ ಅನ್ನೋ ಪುಕ್ಕಟೆ ಸಾಫ್ಟ್‌ವೇರ್‌ನಲ್ಲಿ ಎಲ್ಲವನ್ನೂ ಒಂದೇ ಮಟ್ಟಕ್ಕೆ ತನ್ನಿ. ಫೈಲಿನ ಹೆಸರಿನ ಮುಂದೆ 01, 02 ಅಂತ ನಂಬರ್ ಹಾಕದಿದ್ದರೆ ಕಾರಿನ ಸ್ಟೀರಿಯೋ ತನಗೆ ತಿಳಿದ ಹಾಗೆ ನುಡಿಸುತ್ತದೆ.

ಕವ್ವಾಲಿ ಕಿವಿ, ಕಲಬುರಗಿ

ಯಾರೂ ನುಸ್ರತ್ ಹೆಸರು ಎತ್ತಲಿಲ್ಲವಲ್ಲ! 'ಡೆಡ್ ಮ್ಯಾನ್ ವಾಕಿಂಗ್' ಸೌಂಡ್‌ಟ್ರ್ಯಾಕ್‌ನಲ್ಲಿ ವೆಡ್ಡರ್ ಜೊತೆ ಕವ್ವಾಲಿ ಗಾಯಕ ನುಸ್ರತ್ ಫತೇ ಅಲಿ ಖಾನ್ ಎರಡು ಹಾಡು ಹಾಡಿದ್ದಾರೆ. 'ದಿ ಫೇಸ್ ಆಫ್ ಲವ್', 'ದಿ ಲಾಂಗ್ ರೋಡ್'. ನಾನು ವೆಡ್ಡರ್ ಯಾರು ಅಂತ ತಿಳಿದಿದ್ದೇ ನುಸ್ರತ್ ಕ್ಯಾಸೆಟ್ ಹುಡುಕುವಾಗ. ಆಲಾಪ ಶುರುವಾದ ಮೇಲೆ ವೆಡ್ಡರ್‌ನ ಆ ಗೊಗ್ಗರು ದನಿ ಎಷ್ಟು ತಗ್ಗಿ ನಡೆಯುತ್ತದೆ, ಕೇಳಿ.

ಹಳೇ ಟೇಪು, ಬಸವನಗುಡಿ

ಅದು ಬ್ಯಾಂಡಿನದಲ್ಲ, ವೆಡ್ಡರ್ ಒಬ್ಬನದು ಸ್ವಾಮಿ. 'ಇನ್‌ಟು ದಿ ವೈಲ್ಡ್' ಸಿನಿಮಾ ಹಾಡುಗಳೂ ಹಾಗೇ. ಮೇಡಂ, ಇವಕ್ಕೆ ಬೇರೆ ಫೋಲ್ಡರ್ ಮಾಡಿ. 'ಲಾಂಗ್ ರೋಡ್'ಗೆ ಬ್ಯಾಂಡಿನದೇ ಪ್ರತಿ ಬೇಕಿದ್ದರೆ 1995ರ 'ಮರ್ಕಿನ್ ಬಾಲ್' ಅನ್ನೋ ಎರಡೇ ಹಾಡಿನ ಸಿಡಿಯಲ್ಲಿದೆ, ಗಾಯಕ ನೀಲ್ ಯಂಗ್ ಜೊತೆ. 'ಡೆಡ್ ಮ್ಯಾನ್ ವಾಕಿಂಗ್' ಸಿನಿಮಾಕ್ಕೆ ಅಂತ ಬರೆದು, ಬಳಕೆಯಾಗದೆ ಉಳಿದ 'ಡೆಡ್ ಮ್ಯಾನ್' ಮಾತ್ರ 'ಲಾಸ್ಟ್ ಡಾಗ್ಸ್'ನಲ್ಲಿದೆ.

ಎರಡು ಸಿಡಿಯಲ್ಲೂ ಸಿಗದ ಮುಖ್ಯವಾದ ಎರಡು ಹೇಳಿಬಿಡುತ್ತೇನೆ. 1993ರ 'ಸ್ವೀಟ್ ರಿಲೀಫ್' ಸಂಕಲನದ 'ಕ್ರೇಜಿ ಮೇರಿ'. ಮಲ್ಟಿಪಲ್ ಸ್ಕ್ಲೆರೋಸಿಸ್ ಬಂದಿದ್ದ ಗಾಯಕಿ ವಿಕ್ಟೋರಿಯಾ ವಿಲಿಯಮ್ಸ್ ನೆರವಿಗೆ ಬೇರೆ ಬೇರೆ ಕಲಾವಿದರು ಅವಳದೇ ಹಾಡುಗಳನ್ನು ಹಾಡಿದ ಸಂಕಲನ ಅದು. ಇದೊಂದಕ್ಕಾಗಿ ಅದನ್ನು ಕೊಂಡರೂ ಮೋಸವಿಲ್ಲ. ಇನ್ನೊಂದು ಅದೇ ವರ್ಷದ 'ಜಡ್ಜ್‌ಮೆಂಟ್ ನೈಟ್' ಸಿನಿಮಾದ 'ರಿಯಲ್ ಥಿಂಗ್'. ಆ ಸೌಂಡ್‌ಟ್ರ್ಯಾಕ್‌ನಲ್ಲಿ ಒಂದೊಂದು ರಾಕ್ ಬ್ಯಾಂಡಿಗೂ ಒಬ್ಬೊಬ್ಬ ರ‍್ಯಾಪ್ ಜೊತೆಗಾರ, ಇವರಿಗೆ ಸೈಪ್ರಸ್ ಹಿಲ್. ಪಟ್ಟಿ ತುಂಬಿಸಲು ಸರಿ, ನಾನಂತೂ ಎರಡನೇ ಸಲ ಕೇಳಿಲ್ಲ.

ಗೊಣಗಾಟ, ಮೈಸೂರು

'ರಿಯಲ್ ಥಿಂಗ್' ವಿಷಯದಲ್ಲಿ ನಾವಿಬ್ಬರೂ ಪೂರ್ತಿ ಒಪ್ಪಿದೆವು. ಪುಣ್ಯ.

ಮೇಡಂ, 'ಬಿಗ್ ಫಿಶ್' ಹಾಡನ್ನು ಮಾತ್ರ ನಡುವೆ ಎಲ್ಲೋ ತುರುಕಬೇಡಿ. ಟಿಮ್ ಬರ್ಟನ್ ಸಿನಿಮಾ, ಸುಳ್ಳೋ ನಿಜವೋ ಅನ್ನೋ ಹಾಗೆ ಕಥೆ ಹೇಳುತ್ತಿದ್ದ ಅಪ್ಪ, ಅವನನ್ನು ಕಡೆಗಾಲದಲ್ಲಿ ಅರ್ಥಮಾಡಿಕೊಳ್ಳುವ ಮಗ. ಸಿನಿಮಾ ಮುಗಿದು ಹೆಸರುಗಳು ಬರುವಾಗ ಈ ಹಾಡು. ಸಿನಿಮಾ ನೋಡಿಯೇ ಬ್ಯಾಂಡಿನವರು ಬರೆದದ್ದು, ಹಾಗಾಗಿ ಅಂಟಿಸಿದ ಹಾಗೆ ಅನ್ನಿಸೋದಿಲ್ಲ. ನಿಮ್ಮ ತಂದೆ ಇದ್ದಾರಾ ಗೊತ್ತಿಲ್ಲ. ಇಲ್ಲದಿದ್ದರೆ ಅಣ್ಣ ಗಾಡಿ ಓಡಿಸುವಾಗ ಇದು ಬರದ ಹಾಗೆ ನೋಡಿಕೊಳ್ಳಿ.

ತಂಗಿ, ಶಿವಮೊಗ್ಗ

ಎಲ್ಲರಿಗೂ ಥ್ಯಾಂಕ್ಸ್. ಆದದ್ದು ಹೇಳುತ್ತೇನೆ.

'ಲಾಸ್ಟ್ ಡಾಗ್ಸ್', 'ರಿಯರ್‌ವ್ಯೂಮಿರರ್' ಎರಡೂ ಬೆಂಗಳೂರಿನ ಒಬ್ಬರ ಹತ್ತಿರ ಸೆಕೆಂಡ್‌ಹ್ಯಾಂಡ್ ಸಿಕ್ಕವು. ತಳದ ಫೋಟೋ ಕೇಳಿದೆ, ಬೆಳ್ಳಿ ಬಣ್ಣವೇ. 'ಸಿಂಗಲ್ಸ್' ದಾರಿಯಲ್ಲಿದೆ. 'ಕ್ರೇಜಿ ಮೇರಿ' ಆಪ್‌ನಲ್ಲೇ ಕೇಳಲಿ, ದುಡ್ಡು ಮುಗಿಯಿತು. ನುಸ್ರತ್ ಹಾಡು ನಾನೇ ಕೇಳಿದೆ, ಎರಡು ಸಲ. ಅಪ್ಪ ಹೋಗಿ ನಾಲ್ಕು ವರ್ಷ ಆಯಿತು. 'ಮ್ಯಾನ್ ಆಫ್ ದಿ ಅವರ್' ಪೆನ್‌ಡ್ರೈವ್‌ಗೆ ಹಾಕಿಲ್ಲ, ಸಿಡಿಯಲ್ಲಿ ಇದ್ದೇ ಇದೆ.

ಒಂದೇ ಪ್ರಶ್ನೆ ಉಳಿದಿದೆ. ಕೊನೆಯ ಹಾಡು ಯಾವುದು ಇಡಲಿ?

ಮಳೆಯೂರು ಕನ್ನಡತಿ, ಸಿಯಾಟಲ್ ಪಕ್ಕ

'ಯೆಲ್ಲೋ ಲೆಡ್‌ಬೆಟರ್', ಯೋಚನೆಯೇ ಬೇಡ. 'ಜೆರೆಮಿ' ಹಾಡಿನ ಸಿಂಗಲ್ ರೆಕಾರ್ಡಿನ ಹಿಂಬದಿಯಲ್ಲಿ ಬಂದ ಹಾಡು. ಅವರ ಎಷ್ಟೋ ಕಾರ್ಯಕ್ರಮ ಮುಗಿಯೋದೇ ಅದರಲ್ಲಿ. ಏನು ಹಾಡುತ್ತಾನೆ ಅಂತ ಇಲ್ಲಿನವರಿಗೂ ಸರಿಯಾಗಿ ತಿಳಿಯೋದಿಲ್ಲ.

ತಂಗಿ, ಶಿವಮೊಗ್ಗ

ಅಯ್ಯೋ, ಅದಾ! ಹಾಕಿ ಕೇಳಿದ ತಕ್ಷಣ ಗೊತ್ತಾಯಿತು. ಹಾಸ್ಟೆಲ್‌ನಿಂದ ರಜಕ್ಕೆ ಬಂದಾಗ ಅಣ್ಣ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಾ ಇದನ್ನೇ ಹಾಡುತ್ತಿದ್ದ. ಪದ ಗೊತ್ತಿಲ್ಲದೆ ಕನ್ನಡ ಸೇರಿಸಿಕೊಂಡು, "ಎಣ್ಣೆ ಇಲ್ಲ, ಬೆಣ್ಣೆ ಇಲ್ಲ, ಮೆಸ್ಸಿನಲ್ಲಿ ಅನ್ನ ಇಲ್ಲ" ಅಂತ. ಅಮ್ಮ ಪಾಪ ನಿಜ ಅಂದುಕೊಂಡು ಹೋಗುವಾಗ ಒಂದು ಡಬ್ಬ ತುಪ್ಪ ಕಟ್ಟಿಕೊಟ್ಟಿದ್ದರು. ನಂಬರ್ 27 ಹಾಕಿ ಕೊನೆಗೆ ಇಟ್ಟಿದ್ದೇನೆ.