ಗಡ್ಡಕ್ಕೊಂದು ಕೋರಸ್

"ಇನ್ನು ಸ್ವಲ್ಪ ದಿನಕ್ಕೆ ಇಡ್ಲಿಗೂ ಬಿಜಿಎಂ, ಅದೇ ಸಿನಿಮಾದ ಹಿನ್ನೆಲೆ ಸಂಗೀತ, ಬರುತ್ತೆ, ನೋಡ್ತಾ ಇರು," ಎಂದ ಶೇಷು.

ಶೇಷು, ಸುಬ್ಬು, ಶಾಂತಕ್ಕ, ವೆಂಕಿ ಕೃಷ್ಣರಾವ್ ಪಾರ್ಕಿನಲ್ಲಿ ವಾಕಿಂಗ್ ಮುಗಿಸಿ ಪಕ್ಕದ ದರ್ಶಿನಿಯಲ್ಲಿ ನಿಂತಿದ್ದರು. ವಾಕಿಂಗ್ ಅಂದರೆ ಒಂದು ಸುತ್ತು ನಡೆದು, ಉಳಿದ ಹೊತ್ತು ಕಲ್ಲುಬೆಂಚಿನ ಮೇಲೆ ಕೂತು ಬೇರೆಯವರ ವಾಕಿಂಗ್ ನೋಡುವುದು. ಶೇಷುವಿನ ಸಿಟ್ಟಿಗೆ ಕಾರಣ ವೆಂಕಿ. ಹಿಂದಿನ ರಾತ್ರಿ ಅವನನ್ನು ಮಲ್ಟಿಪ್ಲೆಕ್ಸ್‌ಗೆ ಕರೆದುಕೊಂಡು ಹೋಗಿದ್ದ. ಎಡಗಿವಿ ಇನ್ನೂ ಗುಂಯ್ ಅನ್ನುತ್ತಿತ್ತಂತೆ.

"ಸಿನಿಮಾ ಹೇಗಿತ್ತೋ?" ಸುಬ್ಬು ಕೇಳಿದ.

"ಕೇಳೋಕೆ ಬೇಕಾದಷ್ಟಿತ್ತು, ನೋಡೋಕೆ ಏನೂ ಇರಲಿಲ್ಲ. ಹೀರೋ ಕಾರಿನಿಂದ ಇಳಿಯೋಕೆ ಮುಂಚೆ ಅವನ ಬೂಟು ಇಳೀತು. ಅದಕ್ಕೆ ನಗಾರಿ. ಆಮೇಲೆ ಕೈಗಡಿಯಾರ ಬಂತು. ಅದಕ್ಕೆ ಕಹಳೆ. ಆಮೇಲೆ ಗಡ್ಡ. ಗಡ್ಡ ಒಂದಕ್ಕೇ ಒಂದು ಕಲ್ಯಾಣಮಂಟಪ ತುಂಬುವಷ್ಟು ಜನ ಕೋರಸ್. ಪೂರ್ತಿ ಮನುಷ್ಯ ಕೆಳಗೆ ಬರೋ ಹೊತ್ತಿಗೆ ನನ್ನ ಪಾಪ್‌ಕಾರ್ನ್ ಮುಗಿದಿತ್ತು."

"ಅದಕ್ಕೆ ಎಲಿವೇಶನ್ ಅಂತಾರೆ ಅಂಕಲ್," ಎಂದ ವೆಂಕಿ. "ಅಲ್ಲಿ ಗೂಸ್‌ಬಂಪ್ಸ್ ಬರಬೇಕು."

"ಬಂತಪ್ಪ. ಎಸಿ ಜಾಸ್ತಿ ಇಟ್ಟಿದ್ರು."

"ಕೋರಸ್‌ನಲ್ಲಿ ಏನು ಹೇಳ್ತಾ ಇದ್ರು?" ಶಾಂತಕ್ಕನಿಗೆ ಇಂಥದ್ದರಲ್ಲಿ ಆಸಕ್ತಿ.

"ಸಂಸ್ಕೃತದ ಹಾಗಿತ್ತು. ನಮ್ಮ ಬೀದಿ ಪುರೋಹಿತರು ಹಿಂದಿನ ಸಾಲಲ್ಲೇ ಇದ್ರು. ಇಂಟರ್ವಲ್‌ನಲ್ಲಿ ಅರ್ಥ ಕೇಳಿದೆ. 'ನಾನು ನಿಮ್ಮನ್ನ ಕೇಳೋಣ ಅಂತಿದ್ದೆ' ಅಂದ್ರು."

"ಸರಿ, ಇಷ್ಟೆಲ್ಲ ಆಗಿ ಇಳಿದವನು ಮಾಡಿದ್ದೇನು?"

"ಟೀ ಕೇಳಿದ."

ವೆಂಕಿಗೆ ನೋವಾಯಿತು. ಅವನ ಫೋನಿನಲ್ಲಿ ಅಂಥ ಬಿಜಿಎಂಗಳ ಒಂದು ಉಗ್ರಾಣವೇ ಇದೆ. ಅಮ್ಮನ ಫೋನ್ ಬಂದರೆ ಒಂದು, ಮ್ಯಾನೇಜರ್ ಫೋನ್ ಬಂದರೆ ಇನ್ನೊಂದು. ಆಫೀಸಿನಲ್ಲಿ ಅವನು ಮೀಟಿಂಗ್‌ಗೆ ಕಾಲಿಟ್ಟರೆ ಗೆಳೆಯರು ಒಂದನ್ನು ಹಾಕುತ್ತಾರಂತೆ. ಇದನ್ನು ಕೇಳಿ ಸುಬ್ಬುವಿಗೆ ಆಸೆ ಹುಟ್ಟಿತು.

"ನನಗೂ ಒಂದು ಹಾಕ್ಕೊಡೋ ವೆಂಕಿ. ಸಂಜೆ ಮನೆಗೆ ಹೋಗುವಾಗ ಬಾಗಿಲಲ್ಲಿ ಹಾಕ್ತೀನಿ."

"ಹಾಕು, ಹಾಕು," ಎಂದ ಶೇಷು. "ಅದು ಮುಗಿಯೋ ಅಷ್ಟರಲ್ಲಿ ನಿಮ್ಮ ಮನೆಯವರು ಒಳಗಿಂದ ಚಿಲಕ ಹಾಕಿರ್ತಾರೆ. ಬೆಂಗಳೂರಲ್ಲಿ ಬಿಜಿಎಂ ಒಂದೇ ಕಡಿಮೆ ಇತ್ತು ನೋಡು. ಸ್ಲೋ ಮೋಷನ್ ಅಂತೂ ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಪುಕ್ಕಟೆ ಸಿಗುತ್ತೆ. ಮೇಲೆ ಸ್ವಲ್ಪ ನಗಾರಿ ಹಾಕಿದ್ರೆ ಅಲ್ಲಿರೋರೆಲ್ಲ ಹೀರೋಗಳೇ."

"ಸುಮ್ನೆ ಹಳೇ ಕಾಲ ಹೊಗಳಬೇಡಿ ಅಂಕಲ್. ಕೆಜಿಎಫ್ ಬಂದಾಗ ದೇಶವೆಲ್ಲ ಅದರ ಮ್ಯೂಸಿಕ್ ಕೇಳಲಿಲ್ವಾ? ರವಿ ಬಸ್ರೂರು ನಮ್ಮ ಕುಂದಾಪುರದ ಕಡೆಯವರೇ ತಾನೇ?"

"ನಾನೆಲ್ಲಿ ಇಲ್ಲ ಅಂದೆ? ಅದು 2018ರ ಮಾತು. ಆ ಕಥೆಗೆ ಆ ಶಬ್ದ ಹೊಂದಿತ್ತು. ಚಿನ್ನದ ಗಣಿ, ಸುತ್ತಿಗೆ, ಧೂಳು. ಸರಿ. ಆದರೆ ಅದನ್ನ ನೋಡಿ ಈಗ ಕಾಲೇಜಿನ ಲವ್ ಸ್ಟೋರಿಯಲ್ಲಿ ಹುಡುಗ ನೋಟ್ಸ್ ಕೇಳೋಕೆ ಹೋದ್ರೂ ಗಣಿ ಕುಸಿದ ಹಾಗೆ ಶಬ್ದ. ಆ ಹುಡುಗಿ ನೋಟ್ಸ್ ಕೊಡೋದು ಭಯಕ್ಕೆ ಕಣೋ."

ಕಾಫಿ ಬಂತು. ಶೇಷು ಬೈಟು ಹಂಚುವ ನೆಪದಲ್ಲಿ ದೊಡ್ಡ ಲೋಟ ತನ್ನ ಕಡೆ ಎಳೆದುಕೊಂಡ. ಯಾರೂ ಗಮನಿಸಲಿಲ್ಲ ಎಂದು ಅವನು ತಿಳಿದ. ಎಲ್ಲರೂ ಗಮನಿಸಿದರು.

"1975ರಲ್ಲಿ 'ಜಾಸ್' ಅಂತ ಒಂದು ಶಾರ್ಕ್ ಸಿನಿಮಾ ಬಂತು," ಎಂದು ಶುರುಮಾಡಿದ. "ಡೈರೆಕ್ಟರ್ ಸ್ಪೀಲ್‌ಬರ್ಗ್ ಯಂತ್ರದ ಶಾರ್ಕ್ ಮಾಡಿಸಿದ. ನೀರಿಗೆ ಬಿಟ್ರೆ ದಿನಾ ಕೆಡೋದು. ಶಾರ್ಕೇ ಇಲ್ಲ, ಏನು ತೋರಿಸೋದು? ಮ್ಯೂಸಿಕ್ ಮಾಡೋ ಜಾನ್ ವಿಲಿಯಮ್ಸ್ ಎರಡು ಸ್ವರ ಇಟ್ಕೊಂಡು ಬಂದ. ಬರೀ ಎರಡು. ತಮಾಷೆ ಮಾಡ್ತಿದ್ದಾನೆ ಅಂತ ಸ್ಪೀಲ್‌ಬರ್ಗ್ ನಕ್ಕನಂತೆ. ಆ ಎರಡು ಸ್ವರ ಕೇಳಿದ್ರೆ ಸಾಕು, ಜನ ಕಾಲು ಮೇಲೆತ್ತಿಕೊಂಡು ಕೂರೋರು. ಅಲ್ಲಿ ಮೀನು ಕೆಟ್ಟು ಕೂತಾಗ ಮ್ಯೂಸಿಕ್ ಬಂತು. ಇಲ್ಲಿ ಕಥೆ ಕೆಟ್ಟು ಕೂತಾಗ ಬರುತ್ತೆ."

"ಈ ಮಾತು ಮನೆಯಲ್ಲೇ ರೆಡಿ ಮಾಡ್ಕೊಂಡು ಬಂದಿದ್ದೆ, ಅಲ್ವಾ?" ಸುಬ್ಬು ಕೇಳಿದ.

"ಪಾರ್ಕಲ್ಲಿ," ಎಂದ ಶೇಷು. "'ಶೋಲೆ' ತಗೋ. ಇಲ್ಲೇ ರಾಮನಗರದ ಬಂಡೆಗಳಲ್ಲಿ ತೆಗೆದದ್ದು. ಅಮಿತಾಬ್ ರಾತ್ರಿ ಮೆಟ್ಟಿಲ ಮೇಲೆ ಕೂತು ಮೌತ್ ಆರ್ಗನ್ ಊದ್ತಾನೆ. ಅತ್ತ ಜಯಾ ಒಂದೊಂದೇ ದೀಪ ಆರಿಸ್ತಾ ಹೋಗ್ತಾಳೆ. ಒಂದು ಮಾತಿಲ್ಲ. ಆರ್.ಡಿ. ಬರ್ಮನ್ ಇವತ್ತು ಅದನ್ನ ತಗೊಂಡು ಹೋದ್ರೆ ದೀಪಕ್ಕೊಂದು ಡೊಳ್ಳು ಹಾಕಿ ಅಂತಾರೆ."

"ಅದರ ಡೈಲಾಗಿನದೇ ರೆಕಾರ್ಡ್ ಬಂದಿತ್ತು ಕಣೋ," ಸುಬ್ಬುವಿನ ಮುಖ ಅರಳಿತು. "ನಮ್ಮ ಬೀದಿ ಗಣೇಶನ ಪೆಂಡಾಲಲ್ಲಿ ಹಾಕೋರು. ಗಬ್ಬರ್ ಸಿಂಗ್ ನಕ್ಕು ಮುಗಿಸಿದ ಮೇಲೇ ಮಹಾಮಂಗಳಾರತಿ."

ಇಲ್ಲಿಂದ ಮಾತು ಗಣೇಶನ ಚಂದಾ ಕಡೆ ಹೊರಟಿತ್ತು. ಒಂದು ವರ್ಷದ ಲೆಕ್ಕದ ಬಗ್ಗೆ ಸುಬ್ಬುವಿಗೆ ಇವತ್ತಿಗೂ ಸಂಶಯ ಇದೆ. ಶಾಂತಕ್ಕ ಹಿಡಿದು ವಾಪಸ್ ತಂದರು.

ಶೇಷು ಕಣ್ಣುಮುಚ್ಚಿ ಒಂದು ಟ್ಯೂನ್ ಗುನುಗಿದ. ವೆಂಕಿ ತಟ್ಟನೆ ಕೈ ಎತ್ತಿದ. "ಗೊತ್ತು ಗೊತ್ತು! ಮೊಬೈಲ್ ಕಂಪನಿ ಜಾಹೀರಾತು! ಚಿಕ್ಕವನಿದ್ದಾಗ ಟಿವಿಯಲ್ಲಿ ದಿನಾ ಬರ್ತಿತ್ತು."

ಶೇಷು ಲೋಟ ಕೆಳಗಿಟ್ಟ. "ಅದು 'ಪಲ್ಲವಿ ಅನುಪಲ್ಲವಿ'ಯದ್ದು. 1983. ಇಳಯರಾಜ. ಮಣಿರತ್ನಂ ಮೊದಲನೇ ಸಿನಿಮಾ ಮಾಡಿದ್ದು ಕನ್ನಡದಲ್ಲಿ, ಅನಿಲ್ ಕಪೂರ್‌ನ ಹಾಕ್ಕೊಂಡು."

"ಹಾಗಾದ್ರೆ ಅವರು ಜಾಹೀರಾತಿಂದ ತಗೊಂಡಿಲ್ವಾ?"

"ಹೌದಪ್ಪ, ತಗೊಂಡ್ರು. ಮನೆಗೊಂದು ಲ್ಯಾಂಡ್‌ಲೈನ್‌ಗೇ ವರ್ಷಗಟ್ಟಲೆ ಕಾಯ್ತಿದ್ದ ಕಾಲದಲ್ಲಿ, ಇಳಯರಾಜ ಮುಂದೆ ಮೊಬೈಲ್ ಬರುತ್ತೆ, ವೆಂಕಿ ಹುಟ್ತಾನೆ, ಅವನು ಟಿವಿ ನೋಡ್ತಾನೆ ಅಂತ ಯೋಚಿಸಿ ಮುಂಚೆನೇ ಕದ್ದಿಟ್ಟರು."

ಪಕ್ಕದ ಮೇಜಿನವರೂ ನಕ್ಕರು. ವೆಂಕಿ ಕೆಂಪಾದ. ಶಾಂತಕ್ಕ ಅವನ ಪಕ್ಷ ವಹಿಸಿದರು. "ಬಿಡಿ ಶೇಷು, ಸಿನಿಮಾ ಗೊತ್ತಿಲ್ಲದಿದ್ರೂ ಟ್ಯೂನ್ ಗೊತ್ತಿದೆಯಲ್ಲ ಮಗೂಗೆ. ಅದೇ ದೊಡ್ಡದು. ನಮ್ಮನೇಲಿ ಉಲ್ಟಾ ಇತ್ತು. ಹಾಡು ಬಾಯಿಗೆ ಬರ್ತಿತ್ತು, ಟ್ಯೂನೇ ಗೊತ್ತಿರಲಿಲ್ಲ."

"ಅದು ಹೇಗೆ?"

"ಹಾಡಿನ ಪುಸ್ತಕ. ಅಪ್ಪ ಬಿನ್ನಿ ಮಿಲ್ಲಿನಲ್ಲಿದ್ರು. ಸಂಬಳದ ದಿನ ಕೆಂಪೇಗೌಡ ರಸ್ತೆವರೆಗೂ ನಡೆದು ಹೋಗಿ ಥಿಯೇಟರ್ ಹೊರಗಡೆ ಮಾರ್ತಿದ್ದ ಹಾಡಿನ ಪುಸ್ತಕ ತರೋರು. ಒಳಗೆ ಮಾತ್ರ ಹೋಗ್ತಿರಲಿಲ್ಲ. ಒಬ್ಬರೇ ಹೋದ್ರೆ ಮಕ್ಕಳಿಗೆ ಮೋಸ, ಎಲ್ಲರೂ ಹೋದ್ರೆ ತಿಂಗಳಿಗೆ ಮೋಸ. ರಾತ್ರಿ ಊಟ ಆದ ಮೇಲೆ ನಮ್ಮನ್ನೆಲ್ಲ ಕೂರಿಸಿಕೊಂಡು ಹಾಡೋರು. ರಾಗ ಗೊತ್ತಿಲ್ಲ. ಜೈಮಿನಿ ಭಾರತ ಓದ್ತಿದ್ದ ಧಾಟಿಯಲ್ಲೇ ಎಲ್ಲ ಸಿನಿಮಾ ಹಾಡು. ಕ್ಯಾಬರೆನೂ ಅದರಲ್ಲೇ."

ಶೇಷು ಅಂದು ಮೊದಲ ಬಾರಿಗೆ ಮಾತು ಮರೆತು ನಕ್ಕ.

"ಆಮೇಲೆ ಪಕ್ಕದ ಮನೆ ರೇಡಿಯೋದಲ್ಲಿ ನಿಜವಾದ ಹಾಡು ಬರೋದು. ನನ್ನ ತಮ್ಮ 'ರಾಜನ್-ನಾಗೇಂದ್ರ ತಪ್ಪಾಗಿ ಹಾಡಿಸಿದ್ದಾರೆ' ಅಂತ ಅಳೋನು."

"ಕಥೆ?" ವೆಂಕಿ ಫೋನನ್ನು ಜೇಬಿಗೆ ಹಾಕಿದ.

"ಪುಸ್ತಕದಲ್ಲಿ ಅರ್ಧ ಕಥೆ ಇರ್ತಿತ್ತು. ನಾಯಕಿ ಕಣ್ಣೀರು ಹಾಕೋ ಹೊತ್ತಿಗೆ ಸರಿಯಾಗಿ 'ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿ ಆನಂದಿಸಿ' ಅಂತ ಮುಗಿಸೋರು. ನಾವು ಬಿಡ್ತೀವಾ? ಆಮೇಲೆ ಏನಾಯ್ತು, ಆಮೇಲೆ ಏನಾಯ್ತು ಅಂತ ಪೀಡಿಸ್ತಿದ್ವಿ. ಉಳಿದದ್ದನ್ನ ಅಪ್ಪನೇ ಕಟ್ಟೋರು. ಅವರ 'ಎರಡು ಕನಸು'ನಲ್ಲಿ ರಾಜಕುಮಾರ್‌ಗೆ ಕಲ್ಪನಾ ಸಿಕ್ಕೇಬಿಡ್ತಾಳೆ. ಪಾಪ, ಮಂಜುಳಾಗೂ ಅನ್ಯಾಯ ಆಗಬಾರದು ಅಂತ ಅವಳಿಗೆ ಟೀಚರ್ ಕೆಲಸ ಕೊಡಿಸಿದ್ರು. ತುಂಬಾ ವರ್ಷ ಆದಮೇಲೆ ಟಿವಿಯಲ್ಲಿ ಆ ಸಿನಿಮಾ ಬಂತು. ಮುಗಿಯೋ ಹೊತ್ತಿಗೆ ನಾವೆಲ್ಲ ಅಪ್ಪನ ಮುಖ ನೋಡಿದ್ವಿ. 'ಇದು ಬೇರೆ ಪ್ರಿಂಟು' ಅಂದ್ರು."

ಸ್ವಲ್ಪ ಹೊತ್ತು ಎಲ್ಲರೂ ಖಾಲಿ ಲೋಟ ನೋಡಿದರು. ಸುಬ್ಬುವಿಗೆ ಇಂಥ ಮೌನ ಆಗುವುದಿಲ್ಲ. "ಶೇಷು, ಯಾವುದೋ ಬೆಂಗಾಲಿ ಸಿನಿಮಾದ್ದು ಹೇಳ್ತಿರ್ತೀಯಲ್ಲ, ಅದನ್ನ ಹೇಳೋ."

"'ಪಥೇರ್ ಪಾಂಚಾಲಿ'. ಅಪ್ಪ ಊರಿಂದ ಬರ್ತಾನೆ. ಮಗಳಿಗೆ ಅಂತ ಸೀರೆ ತಂದಿದ್ದಾನೆ. ಅವಳು ಸತ್ತಿರೋದು ಅವನಿಗೆ ಗೊತ್ತಿಲ್ಲ. ತಾಯಿ ಬಾಯಿ ತೆಗೆದು ಅಳ್ತಾಳೆ. ಸತ್ಯಜಿತ್ ರೇ ಅವಳ ಅಳು ತೆಗೆದುಬಿಟ್ಟು ಅಲ್ಲಿ ತಾರ್ ಶಹನಾಯಿ ಅನ್ನೋ ತಂತಿವಾದ್ಯದ ದನಿ ಇಟ್ಟ. 1955ರಲ್ಲಿ. ಮ್ಯೂಸಿಕ್ ರವಿಶಂಕರ್‌ದು. ಸಿನಿಮಾ ಪೂರ್ತಿಗೂ ಹೆಚ್ಚುಕಮ್ಮಿ ಒಂದೇ ರಾತ್ರಿ ಕೂತು ಮಾಡಿ ಮುಗಿಸಿದ್ರು."

"ಈಗ ಒಂದು ಗಡ್ಡಕ್ಕೇ ಆರು ತಿಂಗಳು ತಗೋತಾರೆ," ಎಂದ ಸುಬ್ಬು. ಶೇಷುವಿಗೆ ಇದು ಹಿಡಿಸಲಿಲ್ಲ. ಆ ಮಾತು ತಾನು ಹೇಳಬೇಕಿತ್ತು.

"ಶಾಂತಕ್ಕ," ವೆಂಕಿ ಇನ್ನೂ ಅಲ್ಲೇ ಇದ್ದ, "'ಬಂಗಾರದ ಮನುಷ್ಯ'ದ ಕೊನೆಯಲ್ಲಿ ಅವರು ಮನೆ ಬಿಟ್ಟು ಹೋಗ್ತಾರಲ್ಲ, ಅದನ್ನ ನಿಮ್ಮ ಅಪ್ಪ ಏನು ಮಾಡಿದ್ರು?"

"ಹೋಗೋಕೆ ಬಿಡಲಿಲ್ಲ. ರಾಜೀವಪ್ಪ ರಸ್ತೆಗೆ ಬರೋ ಹೊತ್ತಿಗೆ ಕೊನೇ ಬಸ್ಸು ಹೊರಟು ಹೋಗಿರುತ್ತೆ. ವಾಪಸ್ ಬಂದು ಊಟ ಮಾಡಿ ಮಲಗ್ತಾರೆ. ಬೆಳಗ್ಗೆ ಎದ್ದಾಗ ಯಾರಿಗೂ ಜಗಳ ನೆನಪಿರಲ್ಲ."

ವೆಂಕಿಯ ಕಣ್ಣು ಹೊಳೆಯಿತು. "ಸಕತ್ ಸೀನು ಅಂಕಲ್! ಬಸ್ ತಪ್ಪೋ ಕಡೆ ಎಂಥ ಬಿಜಿಎಂ ಹಾಕಬಹುದು ಗೊತ್ತಾ?"

"ಹಾಕಬೇಡ," ಎಂದ ಶೇಷು. "ಕಂಡಕ್ಟರು ಬಾಗಿಲು ಬಡಿದು 'ರೈಟ್' ಅಂತಾನಲ್ಲ, ಅಷ್ಟು ಸಾಕು. ಈಗ ಹೋಗಿ ಇನ್ನೆರಡು ಬೈಟುಗೆ ಟೋಕನ್ ತಗೊಂಡು ಬಾ. ನಡ್ಕೊಂಡು ಹೋಗು. ಮಾಮೂಲಿ ಸ್ಪೀಡಲ್ಲಿ."