ಅಪ್‌ಡೇಟ್: ಅಪ್ಪನ ಹಳೇ ಪೆಟ್ರೋಲ್ ಜೀಪ್ ಎದ್ದಿತು!

ಎರಡು ಮೂರು ತಿಂಗಳಿಗೊಮ್ಮೆ ಹೊರಗೆ ತೆಗೆಯುವ ಜೀಪ್, ಬ್ಯಾಟರಿ ಇಳಿಯುವವರೆಗೂ ಸೆಲ್ಫ್ ಹೊಡೆದರೂ ಸ್ಟಾರ್ಟ್ ಆಗುತ್ತಿಲ್ಲ ಅಂತ ಕೇಳಿದ್ದೆ. ಫ್ಲೋಟ್ ಬೌಲ್ (ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್‌ನಲ್ಲಿ ಪೆಟ್ರೋಲ್ ನಿಲ್ಲುವ ಪುಟ್ಟ ಬಟ್ಟಲು) ಒಣಗಿರುತ್ತೆ ಅಂದವರ ಮಾತೇ ನಿಜವಾಯಿತು.

ಭಾನುವಾರ ಏರ್ ಕ್ಲೀನರ್ ಬಿಚ್ಚಿ, ಕಾರ್ಬುರೇಟರ್ ಬಾಯಿಗೆ ಟಾರ್ಚ್ ಬಿಟ್ಟು, ಆಕ್ಸಿಲರೇಟರ್ ಲಿಂಕ್ ಎಳೆದೆ. ಒಂದು ಹನಿ ಪೆಟ್ರೋಲೂ ಚಿಮ್ಮಲಿಲ್ಲ, ಅಂದರೆ ಬೌಲ್ ಖಾಲಿ. ನಿಂತ ಗಾಡಿಯಲ್ಲಿ ಬೌಲ್‌ನ ಪೆಟ್ರೋಲ್ ಆವಿಯಾಗಿ ಹೋಗುತ್ತದೆ. ಇದರ ಪಂಪ್ ಎಂಜಿನ್ ತಿರುಗಿದರೆ ಮಾತ್ರ ಮತ್ತೆ ಎಳೆಯೋದು. ನಮ್ಮದರಲ್ಲಿ ಪಂಪ್‌ಗೆ ಬರುವ ರಬ್ಬರ್ ಪೈಪೂ ಬಿರುಕು ಬಿಟ್ಟು, ಪೆಟ್ರೋಲ್ ಬದಲು ಗಾಳಿ ಎಳೆಯುತ್ತಿತ್ತು.

ಬೆಂಗಳೂರಿನಲ್ಲಿ ಗಾಡಿ ಬಿಡಿಭಾಗ ಸಿಗುವ ಜೆ.ಸಿ. ರಸ್ತೆಗೆ ಹೋಗಿ, ಪೆಟ್ರೋಲಿಗೆ ಬೆರೆಸುವ ಎಥನಾಲ್‌ಗೆ ಹಾಳಾಗದ ಪೈಪ್ ತಂದೆ. (ಪಾರ್ಕಿಂಗ್ ಹುಡುಕಿದ್ದೇ ಅರ್ಧ ಗಂಟೆ, ಅದು ಬೇರೆ ಕಥೆ.) ಪೈಪ್ ಬದಲಿಸಿ, ವೆಂಟ್ (ಗಾಳಿಯಾಡುವ ತೂತು) ಮೂಲಕ ಬೌಲ್‌ಗೆ ಸಿರಿಂಜಿನಲ್ಲಿ ಪೆಟ್ರೋಲ್ ತುಂಬಿಸಿ, ಏರ್ ಕ್ಲೀನರ್ ಮತ್ತೆ ಕೂರಿಸಿ, ಚೋಕ್ (ತಣ್ಣಗಿನ ಎಂಜಿನ್ ಎಬ್ಬಿಸಲು ಗಾಳಿ ಕಡಿಮೆ ಮಾಡುವ ಗುಂಡಿ) ಪೂರ್ತಿ ಎಳೆದೆ. ಎರಡನೇ ಸೆಲ್ಫಿಗೇ ಎದ್ದಿತು! ಕೆಮ್ಮಿ ಕೆಮ್ಮಿ ಕಪ್ಪು ಹೊಗೆ ಬಿಟ್ಟಿತು. ಪಕ್ಕದ ಮನೆ ಆಂಟಿ ಒಣಹಾಕಿದ್ದ ಬಟ್ಟೆಯನ್ನೆಲ್ಲ ಸುಮ್ನೆ ಎತ್ತಿಕೊಂಡು ಒಳಗೆ ಹೋದರು.

ಚೋಕ್ ಒಳಗೆ ತಳ್ಳಿದರೆ ಐಡ್ಲಿಂಗ್ ಮಾತ್ರ ಇನ್ನೂ ಹಿಡಿಯುತ್ತಿಲ್ಲ, ಆಕ್ಸಿಲರೇಟರ್ ಬಿಟ್ಟರೆ ಎಂಜಿನ್ ಆಫ್ ಆಗುತ್ತೆ. ಕಾರ್ಬುರೇಟರ್‌ನ ಜೆಟ್‌ನಲ್ಲಿ (ಪೆಟ್ರೋಲ್ ಹರಿಯುವ ಸಣ್ಣ ತೂತು) ಹಳೇ ಪೆಟ್ರೋಲಿನ ಅಂಟು ಕೂತಿರಬೇಕು, ಅಲ್ವಾ? ಮುಂದಿನ ವಾರ ಬಿಚ್ಚುತ್ತೇನೆ.