ನಾಲ್ಕು ಎಪಿಸೋಡ್ ಆಯ್ತು, ಇನ್ನೂ ಹಿಡಿಸಿಲ್ಲ. ಮುಂದುವರಿಸಲಾ, ಬಿಡಲಾ?

ಅರ್ಧನಿದ್ದೆ:
ಬ್ರೇಕಿಂಗ್ ಬ್ಯಾಡ್ ಶುರು ಮಾಡಿದ್ದೇನೆ. ನಾಲ್ಕು ಎಪಿಸೋಡ್ ಮುಗಿಯಿತು. ಕೆಟ್ಟದಾಗೇನೂ ಇಲ್ಲ, ಆದರೆ ಮುಂದಿನದನ್ನು ಹಾಕೋಣ ಅಂತ ಕೈ ಹೋಗುತ್ತಿಲ್ಲ. ಹೆಂಡತಿ ಎರಡನೆಯದರಲ್ಲೇ ಎದ್ದು ಹೋದಳು. "ಎರಡನೇ ಸೀಸನ್ ತನಕ ತಡ್ಕೋ" ಅಂತ ಆಫೀಸಿನಲ್ಲಿ ಎಲ್ಲರದೂ ಒಂದೇ ರಾಗ. ಒಟ್ಟು 62 ಎಪಿಸೋಡ್. ಮಗು ಮಲಗಿದ ಮೇಲೆ ನನಗೆ ಒಂದು ಗಂಟೆ ಸಿಕ್ಕರೆ ಹೆಚ್ಚು. ಹಟಕ್ಕೆ ನೋಡಿ ಆಮೇಲೆ ಖುಷಿಪಟ್ಟವರು ಇದ್ದೀರಾ? ಬಿಟ್ಟು ಕೈ ಹಿಸುಕಿಕೊಂಡವರು?

ಎಪ್ಪತ್ಮೂರು:
ಬಿಡಿ ಸಾರ್. ನನ್ನ ಗತಿ ಕೇಳಿ. ಗೇಮ್ ಆಫ್ ಥ್ರೋನ್ಸ್, 8 ಸೀಸನ್, 73 ಎಪಿಸೋಡ್, ಹತ್ತಿರ ಹತ್ತಿರ 70 ಗಂಟೆ. 2019ರಲ್ಲಿ ಎಲ್ಲ ಮುಗಿದು, ಕೊನೆ ಚೆನ್ನಾಗಿಲ್ಲ ಅಂತ ಜನ ಬೈದೂ ಆದ ಮೇಲೆ ಶುರು ಮಾಡಿದ ಪುಣ್ಯಾತ್ಮ ನಾನು. 41 ರಾತ್ರಿ ಹಿಡಿಯಿತು, ಬರೆದಿಟ್ಟಿದ್ದೇನೆ. ಯಾರ ಮಗ ಯಾರು ಅಂತ ನೆನಪಿರದೆ ನೋಟ್‌ಬುಕ್ಕಿನಲ್ಲಿ ಎರಡು ಪುಟ ವಂಶವೃಕ್ಷ ಬೇರೆ. ಮೊದಲ ಆರು ಸೀಸನ್ನಿಗೆ ಹತ್ತತ್ತು ಎಪಿಸೋಡ್, ಏಳನೆಯದಕ್ಕೆ 7, ಎಂಟನೆಯದಕ್ಕೆ 6. ಅಲ್ಲೇ ನನಗೆ ತಿಳಿಯಬೇಕಿತ್ತು, ಗಂಟು ಕಟ್ಟೋ ಆತುರ ಅಂತ. ಕೊನೇ ಸೀಸನ್ನಿನ ಮೂರನೇ ಎಪಿಸೋಡ್ 82 ನಿಮಿಷ, ಪೂರ್ತಿ ಯುದ್ಧ. ಕಂಡರೆ ತಾನೇ! ಟೀವಿಯಲ್ಲಿ ನನ್ನ ಮುಖವೇ ಕಾಣುತ್ತಿತ್ತು. ಹಾಲಿನ ದೀಪ ಆರಿಸಿದೆ. ರೂಟರಿನ ಹಸಿರು ದೀಪಕ್ಕೆ ಕಾಲುಚೀಲ ಹಾಕಿದೆ. ಬ್ರೈಟ್‌ನೆಸ್ ಪೂರ್ತಿ ಏರಿಸಿದೆ. ಕಪ್ಪು ಹೋಗಿ ಬೂದಿ ಬಣ್ಣ ಬಂತು, ಅಷ್ಟೇ ಲಾಭ. ಯಾರು ಸತ್ತರು ಅಂತ ಮಾರನೇ ದಿನ ಓದಿ ತಿಳಿದುಕೊಂಡೆ.

ನಡುವೆ ಬಿಟ್ಟವಳು:
ಡಾರ್ಕ್ ನೋಡಿದ್ದೀರಾ ಯಾರಾದರೂ? ಮೂರು ಸೀಸನ್ ಸೇರಿ 26 ಎಪಿಸೋಡ್. ನಾನು 18 ನೋಡಿ, ಸರಿಯಾಗಿ ಮೂರನೇ ಸೀಸನ್ನಿನ ಬಾಗಿಲಲ್ಲಿ ಬಿಟ್ಟೆ. ಒಂದು ಚೂರೂ ಬೇಜಾರಿಲ್ಲ. ಮೂಲ ಜರ್ಮನ್. ಮೊದಲು ಇಂಗ್ಲಿಷ್ ಡಬ್ಬಿಂಗ್ ಹಾಕಿದೆ. ಬಾಯಿ ಒಂದು ಕಡೆ, ಮಾತು ಒಂದು ಕಡೆ. ಐದನೆಯದಕ್ಕೆ ಜರ್ಮನ್ ಮಾಡಿ ಸಬ್‌ಟೈಟಲ್ ಹಾಕಿದೆ, ಚೆನ್ನಾಗಿತ್ತು. ಆದರೆ ನಾನು ಟೀವಿ ನೋಡೋದು ಬಟ್ಟೆ ಮಡಚುತ್ತಾ. ಒಂದು ಅಂಗಿ ಮಡಚಿ ತಲೆ ಎತ್ತುವಷ್ಟರಲ್ಲಿ ಕಥೆ 33 ವರ್ಷ ಹಿಂದಕ್ಕೆ ಹೋಗಿರುತ್ತದೆ! ರಿವೈಂಡ್ ಮಾಡಿ ಮಾಡಿ 50 ನಿಮಿಷದ ಎಪಿಸೋಡಿಗೆ ಒಂದೂಕಾಲು ಗಂಟೆ. ಬಿಟ್ಟ ದಿನ ಎಂಟು ಗಂಟೆ ನಿದ್ದೆ ಮಾಡಿದೆ.

ಒಂದೂವರೆ:
ಎಲ್ಲರೂ ಸುಮ್ನೆ ಅಳುತ್ತಿದ್ದೀರಿ. 1.5 ವೇಗದಲ್ಲಿ ಹಾಕಿ. 70 ಗಂಟೆಯದ್ದು 47ಕ್ಕೆ ಮುಗಿಯುತ್ತದೆ. ನಾನು ಎರಡು ವರ್ಷದಿಂದ ಎಲ್ಲವನ್ನೂ ಹೀಗೇ ನೋಡುತ್ತಿದ್ದೇನೆ.

ಸದ್ದುಗದ್ದಲ:
ಅದಕ್ಕೆ ನೋಡೋದು ಅಂತಾರಾ? ಬರೀ ಮುಗಿಸೋದು ಅದು. ಸುಮ್ಮನೆ ಕೂತ ಒಬ್ಬ ನಟನ ಮುಖವನ್ನು ಹತ್ತು ಸೆಕೆಂಡ್ ನೋಡೋಕೆ ತಾಳ್ಮೆ ಇಲ್ಲದವರು ಕಥೆಯ ಸಾರಾಂಶ ಓದಿಕೊಳ್ಳಲಿ.

ಒಂದೂವರೆ:
ನನ್ನ ಟೀವಿ, ನನ್ನ ಸಮಯ. ನಿಮಗೇನು ತೊಂದರೆ? ನನ್ನ ತಮ್ಮ ನಿಧಾನವಾಗಿ ನೋಡುವ ಪೈಕಿ, ಪ್ರತಿ ಎಪಿಸೋಡಿಗೂ ಸೋಫಾದಲ್ಲಿ ಗೊರಕೆ. ಅವನಿಗಿಂತ ನಾನೇ ಜಾಸ್ತಿ ನೋಡಿದ್ದೇನೆ.

ಮೂರು ಸಲ:
ಕೇಳಿದ್ದು ಬ್ರೇಕಿಂಗ್ ಬ್ಯಾಡ್ ಬಗ್ಗೆ ಅಲ್ವಾ? ನಾನು ಮೂರು ಸಲ ನೋಡಿದ್ದೇನೆ. ಮೊದಲ ಸಲ ನಾನೂ ಮೂರನೆಯದರಲ್ಲಿ ಬಿಟ್ಟು ಎಂಟು ತಿಂಗಳು ಮುಟ್ಟಿರಲಿಲ್ಲ. ಜ್ವರ ಬಂದು ಮಲಗಿದಾಗ ರಿಮೋಟ್ ದೂರ ಇತ್ತು. ಅದು ತಾನಾಗಿ ಓಡಿತು, ನಾನು ನೋಡಿದೆ. ಮೊದಲ ಸೀಸನ್ ಇರೋದೇ 7 ಎಪಿಸೋಡ್. 2007ರ ಕೊನೆಗೆ ಅಮೆರಿಕದಲ್ಲಿ ಬರಹಗಾರರ ಮುಷ್ಕರ ಶುರುವಾಗಿ 9 ಆಗಬೇಕಿದ್ದದ್ದು 7ಕ್ಕೆ ನಿಂತಿತು. ಇನ್ನು ಮೂರು ನೋಡಿದರೆ ಒಂದು ಸೀಸನ್ ಮುಗಿಯಿತಲ್ಲ. ಇದನ್ನು ಬಿಡುವವರ ಅಭಿರುಚಿ ಬಗ್ಗೆ ನಾನೇನೂ ಹೇಳಲ್ಲ.

ನಡುವೆ ಬಿಟ್ಟವಳು:
ಹೇಳಲ್ಲ ಅಂತಲೇ ಹೇಳಿದಿರಲ್ಲ ಸ್ವಾಮಿ! ಜ್ವರ ಬರಬೇಕಾದರೆ ಅದು ಒಳ್ಳೆ ಸೀರೀಸ್ ಹೇಗೆ?

24 ಫ್ರೇಮ್:
ಎಪ್ಪತ್ಮೂರು ಅವರೇ, ನಿಮ್ಮ ಟೀವಿ ಸೆಟ್ಟಿಂಗೇ ಸರಿ ಇಲ್ಲ. ಬ್ರೈಟ್‌ನೆಸ್ ಏರಿಸಿದ್ದೇ ತಪ್ಪು. ಅದು ಕಪ್ಪನ್ನು ಮೇಲೆತ್ತುತ್ತದೆ, ವಿವರ ಕೊಡಲ್ಲ. ಜೊತೆಗೆ ಮೋಷನ್ ಸ್ಮೂದಿಂಗ್ ಕೂಡ ಆನ್ ಇರುತ್ತದೆ, ಖಂಡಿತ. ಸಿನಿಮಾ ತೆಗೆಯೋದು ಸೆಕೆಂಡಿಗೆ 24 ಫ್ರೇಮ್. ಟೀವಿ ನಡುನಡುವೆ ತಾನೇ ಫ್ರೇಮ್ ಹುಟ್ಟಿಸಿ ತುಂಬುತ್ತದೆ. ಆಗ ಕೋಟಿಗಟ್ಟಲೆ ಖರ್ಚಿನ ಸಿನಿಮಾ ಕೂಡ ದಿನಾ ಬರೋ ಧಾರಾವಾಹಿ ಥರ ನುಣ್ಣಗೆ ಜಾರುತ್ತದೆ. 2018ರ ಡಿಸೆಂಬರಿನಲ್ಲಿ ಟಾಮ್ ಕ್ರೂಸ್ ವಿಡಿಯೋ ಮಾಡಿ "ಇದನ್ನು ಆಫ್ ಮಾಡಿ" ಅಂತ ಕೇಳಿಕೊಂಡಿದ್ದರು. ನಾನು ಮೂರು ವರ್ಷ ಹಾಗೇ ನೋಡಿದೆ. ಎಷ್ಟು ಒಳ್ಳೆ ಸಿನಿಮಾಗಳನ್ನು "ಯಾಕೋ ನಾಟಕ ಇದ್ದ ಹಾಗಿದೆ" ಅಂತ ಅರ್ಧಕ್ಕೆ ನಿಲ್ಲಿಸಿದ್ದೇನೋ. ಈಗ ಒಂದೊಂದಾಗಿ ಮತ್ತೆ ನೋಡುತ್ತಿದ್ದೇನೆ, 31 ಆಯಿತು.

ಎಪ್ಪತ್ಮೂರು:
ನನ್ನ ಟೀವಿ ಬಗ್ಗೆ ನಿಮಗೇನ್ರೀ ಗೊತ್ತು? ಆ ಎಪಿಸೋಡ್ ಕಾಣಲಿಲ್ಲ ಅಂತ ಊರೆಲ್ಲ ಬೈದಿತ್ತು. ಊರವರದ್ದೆಲ್ಲ ಸೆಟ್ಟಿಂಗ್ ತಪ್ಪಾ?

24 ಫ್ರೇಮ್:
ಹೆಚ್ಚು ಜನರದ್ದು ತಪ್ಪೇ. ಜೊತೆಗೆ ಸ್ಟ್ರೀಮಿಂಗಿನಲ್ಲಿ ಡೇಟಾ ಹಿಂಡುವಾಗ ಕತ್ತಲ ದೃಶ್ಯಗಳೇ ಮೊದಲು ಚೌಕ ಚೌಕವಾಗಿ ಒಡೆಯೋದು.

ಎಪ್ಪತ್ಮೂರು:
ಹಾಗಾದರೆ ತಪ್ಪು ನನ್ನದಲ್ಲ ಅಂತ ಒಪ್ಪಿಕೊಂಡಿರಿ. ಮುಗೀತು.

ಸದ್ದುಗದ್ದಲ:
ಚಿತ್ರದ ಜಗಳ ಆಮೇಲೆ ಆಡಿ. ಮಾತು ಕೇಳುತ್ತದಾ ನಿಮಗೆ? ಪಿಸುಮಾತಿಗೆ ವಾಲ್ಯೂಮ್ 38, ಬಾಂಬ್ ಬಿದ್ದ ತಕ್ಷಣ 12. ರಾತ್ರಿಯಿಡೀ ಹೆಬ್ಬೆರಳಿಗೆ ಇದೇ ಕೆಲಸ.

ಒಂದೂವರೆ:
ಅದಕ್ಕೇ ಹತ್ತು ಸೆಕೆಂಡ್ ಮುಖ ನೋಡಿಕೊಂಡು ಕೂರುತ್ತೀರಾ?

ನಡುವೆ ಬಿಟ್ಟವಳು:
24 ಫ್ರೇಮ್ ಅವರೇ, ನೀವು ಹೇಳಿದ ಆ ಸ್ಮೂದಿಂಗ್ ಆಫ್ ಮಾಡಿದೆ. ಸಿನಿಮಾ ಸಿನಿಮಾ ಥರ ಕಾಣುತ್ತಿದೆ, ನಿಜ. ಆದರೆ ಮನೆಯಲ್ಲಿ ಮ್ಯಾಚ್ ನೋಡುವವರು ಚೆಂಡು ಅದುರುತ್ತಿದೆ ಅಂತ ಬೆಳಿಗ್ಗೆಯಿಂದ ಬೈಯುತ್ತಿದ್ದಾರೆ. ವಾಪಸ್ ಆನ್ ಮಾಡೋದು ಯಾವ ಮೆನುವಿನಲ್ಲಿತ್ತು? ನನಗೆ ಸಿಗುತ್ತಿಲ್ಲ.